ಓದುಗರ ಪ್ರಶ್ನೆಗಳಿಗೆ ಉತ್ತರ: ರೈಲಿನ ಊಟ, ವಿಮಾನದ ಊಟ ಮತ್ತು ತಟ್ಟೆಯ ಲೆಕ್ಕ

ಪ್ರಶ್ನೆ: ನಮ್ಮದು ಅಡಿಕೆಮರದ ಹಾಳೆಯಿಂದ ಹಾಳೆತಟ್ಟೆ ತಯಾರಿಸುವ ಸಣ್ಣ ಘಟಕ. ಪ್ಲಾಸ್ಟಿಕ್ ನಿಷೇಧವಾದ ಮೇಲೆ ರೈಲ್ವೆಯವರೂ ವಿಮಾನ ಕಂಪೆನಿಗಳೂ ಮಣ್ಣಿನಲ್ಲಿ ಕರಗುವ ತಟ್ಟೆಗಳನ್ನು ಹುಡುಕುತ್ತಿದ್ದಾರೆಂದು ಕೇಳುತ್ತೇವೆ. ಕಾಸರಗೋಡಿನಿಂದ ಹೊರಡುವ ವಂದೇ ಭಾರತ್ ರೈಲಿನಲ್ಲಾದರೂ ನಮ್ಮ ಹಾಳೆತಟ್ಟೆಯಲ್ಲಿ ಊಟ ಕೊಡಲು ಏನು ಅಡ್ಡಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ತಮ್ಮ ಪ್ರಶ್ನೆ ನ್ಯಾಯವಾದದ್ದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ಕೇರಳದಲ್ಲಿ 2020ರ ಜನವರಿ 1ರಿಂದ, ದೇಶದಾದ್ಯಂತ 2022ರ ಜುಲೈ 1ರಿಂದ ನಿಷಿದ್ಧವಾಗಿವೆ. ಅದಕ್ಕೂ ಮೊದಲೇ, 2018ರ ವಿಶ್ವ ಪರಿಸರ ದಿನದಂದು, ರೈಲುಗಳ ಊಟ, ಟಿಕೆಟ್‌ಗಳನ್ನು ನೋಡಿಕೊಳ್ಳುವ ರೈಲ್ವೆಯ ಸಂಸ್ಥೆಯಾದ ಐಆರ್‌ಸಿಟಿಸಿಯು ದಿಲ್ಲಿಯಿಂದ ಹೊರಡುವ ಕೆಲವು ರಾಜಧಾನಿ ಮತ್ತು ಶತಾಬ್ದಿ ರೈಲುಗಳಲ್ಲಿ ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆ, ಡಬ್ಬಿಗಳನ್ನು ಬಳಕೆಗೆ ತಂದಿತು. ಕಬ್ಬಿನ ಸಿಪ್ಪೆಗೆ ಸಿಕ್ಕಿದ ಅವಕಾಶ ಅಡಿಕೆ ಹಾಳೆಗೆ ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲಿದೆ.

ಇಂತಹ ರೈಲುಗಳ ಊಟ ಬಹುಮಟ್ಟಿಗೆ ಬೋಗಿಯೊಳಗೆ ಬೇಯುವುದಿಲ್ಲ. ಬೇಸ್ ಕಿಚನ್, ಅಂದರೆ ರೈಲಿನ ಹೊರಗಿರುವ ದೊಡ್ಡ ಅಡುಗೆಮನೆಯಲ್ಲಿ ಬೆಂದ ಅನ್ನ, ಪಲ್ಯ, ಸಾರುಗಳನ್ನು ಡಬ್ಬಿಗೆ ತುಂಬಿ, ಮುಚ್ಚಳದ ಅಂಚನ್ನು ಒತ್ತಿ ಮುಚ್ಚಿ, ರೈಲಿನ ಬಿಸಿಪೆಟ್ಟಿಗೆಯಲ್ಲಿ ಒಂದರ ಮೇಲೊಂದಾಗಿ ಪೇರಿಸಿಡುತ್ತಾರೆ. ಅಲ್ಯುಮಿನಿಯಂ ಡಬ್ಬಿಯ ಅಂಚು ಮಡಚಿಕೊಂಡು ಮುಚ್ಚಳವನ್ನು ಹಿಡಿಯುತ್ತದೆ. ಕಬ್ಬಿನ ಸಿಪ್ಪೆಯನ್ನು ಅರೆದು ಅಚ್ಚಿಗೆ ಹಾಕುವುದರಿಂದ ಅದರ ಅಂಚೂ ಪ್ರತಿ ಡಬ್ಬಿಯಲ್ಲಿ ಒಂದೇ ಅಳತೆಯಲ್ಲಿರುತ್ತದೆ. ಹಾಳೆಯ ಗುಣ ಬೇರೆ. ನೆನೆಸಿ, ಉಜ್ಜಿ ತೊಳೆದು, ನೀರು ಬಸಿದ ಹಾಳೆಯನ್ನು ಬಿಸಿ ಅಚ್ಚಿನಡಿ ಒತ್ತಿದಾಗ ಅದು ತಟ್ಟೆಯ ಆಕಾರ ತಾಳುತ್ತದೆಯಾದರೂ, ಹಾಳೆಯ ನಡುಭಾಗದಿಂದ ಬಂದ ತಟ್ಟೆ ದಪ್ಪವಾಗಿಯೂ ಅಂಚಿನಿಂದ ಬಂದದ್ದು ತೆಳ್ಳಗೂ ಇರುತ್ತದೆ. ಮಳೆಗಾಲದ ದಾಸ್ತಾನಿಗೆ ಬೂಷ್ಟು ಹಿಡಿಯುವ ಭಯವೂ ಇದೆ. ಇದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ, ಆದರೆ ನೂರಾರು ಊಟಗಳನ್ನು ಮುಚ್ಚಿ ಪೇರಿಸುವಲ್ಲಿ ಅದೇ ತೊಡಕಾಗುತ್ತದೆ.

ಇನ್ನೊಂದು ವಿಷಯವನ್ನು ತಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಅಡಿಕೆ ಹಾಳೆಯಲ್ಲಿರುವ ಅರೆಕೊಲಿನ್ ಮೊದಲಾದ ಆಲ್ಕಲಾಯ್ಡುಗಳು (ದೇಹದ ಮೇಲೆ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕಗಳು) ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ, ಹಾಳೆತಟ್ಟೆಗಳನ್ನು ಊಟಕ್ಕೆ ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ತಯಾರಕರಿಗೂ ಮಾರಾಟಗಾರರಿಗೂ ತಿಳಿಸಿದೆ. ಇದನ್ನು ಬರಿಯ ವ್ಯಾಪಾರದ ಪಿತೂರಿ ಎಂದು ತಳ್ಳಿಹಾಕಿದರೆ ನಷ್ಟ ನಮಗೇ. ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆಯ ತಿಂಡಿ ಇವುಗಳಿಗೆ ಹಾಳೆಯಿಂದ ಏನು, ಎಷ್ಟು ಇಳಿಯುತ್ತದೆಂಬುದನ್ನು ನಮ್ಮಲ್ಲೇ ಅಳೆದು, ಅಗತ್ಯವಿದ್ದರೆ ತೊಳೆಯುವ ಕ್ರಮವನ್ನೇ ಬದಲಿಸಬೇಕು. 1916ರಲ್ಲಿ ತೆಂಗಿನ ಸಂಶೋಧನೆಯೊಂದಿಗೆ ಆರಂಭವಾದ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಅಡಿಕೆಗಾಗಿಯೇ ಇರುವ ಅದರ ವಿಟ್ಲದ ಕೇಂದ್ರವೂ ಇಷ್ಟು ಹತ್ತಿರದಲ್ಲಿರುವಾಗ, ಘಟಕಗಳವರು ಒಟ್ಟಾಗಿ ಹೋಗಿ ಈ ಪರೀಕ್ಷೆಯನ್ನು ಕೇಳುವುದೇ ಮೊದಲ ಕೆಲಸವೆಂದು ನನ್ನ ದೃಢವಾದ ಅಭಿಪ್ರಾಯ. ಕಬ್ಬಿನ ಸಿಪ್ಪೆಯ ಡಬ್ಬಿಯೂ ಕಳಂಕವಿಲ್ಲದ್ದೇನಲ್ಲ. ಎಣ್ಣೆ ಹೀರದಿರಲೆಂದು ಅಂತಹ ಡಬ್ಬಿಗಳಿಗೆ ಪಿಎಫ್‌ಎಎಸ್ ಎಂಬ, ಎಷ್ಟು ಕಾಲವಾದರೂ ಕರಗದ ರಾಸಾಯನಿಕಗಳನ್ನು ಸೇರಿಸುವ ರೂಢಿ ಹಲವೆಡೆ ಇತ್ತು. ಹಾಳೆಗೆ ಅದರ ಅಗತ್ಯವೇ ಇಲ್ಲ.

ಪ್ರಶ್ನೆ: ಗಲ್ಫಿಗೆ ಹೋಗಿಬರುವ ವಿಮಾನಗಳಲ್ಲಿ ಹಿಂದೆ ಸ್ಟೀಲಿನ ಚಮಚ, ಪಿಂಗಾಣಿ ಬಟ್ಟಲು ಇರುತ್ತಿದ್ದವು. ಈಗ ಮರದ ಚಮಚ, ಕಾಗದದ ಡಬ್ಬಿ. ಇದು ಪರಿಸರದ ಕಾಳಜಿಯೋ, ಖರ್ಚು ಉಳಿಸುವ ಉಪಾಯವೋ?
– ಓದುಗರೊಬ್ಬರು, ಉಪ್ಪಳ

ಉತ್ತರ: ಎರಡೂ ಹೌದು, ಏಕೆಂದರೆ ವಿಮಾನದಲ್ಲಿ ಎರಡೂ ಕೂಡುವುದು ತೂಕದಲ್ಲಿ. ಹೆಚ್ಚುವರಿಯಾಗಿ ಹೊತ್ತ ತೂಕದ ಸುಮಾರು ಶೇಕಡ 3ರಷ್ಟು ಇಂಧನವು ಆ ತೂಕವನ್ನು ಹೊರುವುದಕ್ಕೆಂದೇ ಪ್ರತಿ ಗಂಟೆ ಉರಿಯುತ್ತದೆಂಬುದು ಸ್ಥೂಲವಾದ ಲೆಕ್ಕ. ಮಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆಯ ಹಾರಾಟವೆಂದಿಟ್ಟುಕೊಂಡರೆ, 100 ಕಿಲೋ ಪಾತ್ರೆಗಳಿಗಾಗಿ 12 ಕಿಲೋ ಇಂಧನ ಬೇಕು. ಒಂದು ಕಿಲೋ ವಿಮಾನ ಇಂಧನದಿಂದ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಬರುವುದರಿಂದ ಒಂದು ಸಲದ ಹಾರಾಟಕ್ಕೆ ಸುಮಾರು 38 ಕಿಲೋ ಹೊಗೆ. ಅದೇ ವಿಮಾನ ಮರಳಿ ಬರುವಾಗಲೂ ಆ ಪಾತ್ರೆಗಳು, ಈಗ ಎಂಜಲಾಗಿ, ಒಳಗೇ ಇರುತ್ತವೆ.

ಆದ್ದರಿಂದ ಚಮಚಕ್ಕಿಂತಲೂ ನಾನು ಹೆಚ್ಚು ಮಹತ್ತ್ವ ಕೊಡುವುದು ಪರಿಚಾರಕರು ತಳ್ಳಿಕೊಂಡು ಬರುವ ಟ್ರಾಲಿಯ ಬದಲಾವಣೆಗೆ. ಇವುಗಳ ಅಳತೆಗೆ ಅಟ್ಲಾಸ್, ಕೆಎಸ್‌ಎಸ್‌ಯು ಎಂಬ ಎರಡು ಮಾದರಿಗಳು ಬಹುಕಾಲದಿಂದ ರೂಢಿಯಲ್ಲಿವೆ. ಅಳತೆ ನಿಗದಿಯಾಗಿರುವುದರಿಂದ, ಅಲ್ಯುಮಿನಿಯಂ ಟ್ರಾಲಿಯನ್ನು ತೆಗೆದು ನಾರು, ರಾಳಗಳನ್ನು ಕೂಡಿಸಿ ಮಾಡುವಂತಹ ಹಗುರವಾದ ಸಂಯುಕ್ತ ವಸ್ತುವಿನ ಟ್ರಾಲಿಯನ್ನು ಅದೇ ಗೂಡಿಗೆ ನೂಕಬಹುದು, ವಿಮಾನದಲ್ಲಿ ಮತ್ತೇನನ್ನೂ ಮುಟ್ಟಬೇಕಾಗಿಲ್ಲ. ಅದರ ಗೋಡೆ ಬಿಸಿಯನ್ನು ಚೆನ್ನಾಗಿ ತಡೆದರೆ, ಊಟವನ್ನು ತಣ್ಣಗಿಡಲು ಹಾಕುವ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಕೂಡ ಕಡಿಮೆ ಸಾಕು. ಪ್ರಯಾಣಿಕರ ಕಣ್ಣಿಗೆ ಬೀಳದ ಈ ಉಳಿತಾಯ ಪ್ರತಿ ಹಾರಾಟದಲ್ಲೂ ಸಿಗುತ್ತದೆ.

ಮರದ ಚಮಚದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಕಾಲುಬಾಯಿ ಜ್ವರ, ಆಫ್ರಿಕನ್ ಹಂದಿಜ್ವರದಂತಹ ಜಾನುವಾರು ರೋಗಗಳು ದೇಶದಿಂದ ದೇಶಕ್ಕೆ ದಾಟಬಾರದೆಂದು ಯುರೋಪಿನ ಒಕ್ಕೂಟದಲ್ಲಿ ಹೊರಗಿನಿಂದ ಬಂದ ವಿಮಾನಗಳ ಊಟದ ಕಸವನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕೆಂಬ ನಿಯಮವಿದೆ. ಗೊಬ್ಬರವಾಗಬಲ್ಲ ತಟ್ಟೆಯೂ ಎಂಜಲಿನೊಡನೆ ಬೆರೆತರೆ ಅಲ್ಲಿ ಗೊಬ್ಬರವಾಗುವುದಿಲ್ಲ. ತೆಳುವಾದ, ಹಗುರವಾದ, ತೊಳೆದು ಮತ್ತೆ ಮತ್ತೆ ಬಳಸಬಲ್ಲ ಗಟ್ಟಿ ಬಟ್ಟಲು ಇದಕ್ಕಿಂತ ಮೇಲು.

ಪ್ರಶ್ನೆ: ಹಾಗಾದರೆ ರೈಲಿನಲ್ಲಿ ಸ್ಟೀಲ್ ತಟ್ಟೆಯನ್ನೇ ಏಕೆ ಕೊಡಬಾರದು? ತೊಳೆಯುವ ನೀರಿನ ಸಮಸ್ಯೆಯೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಕೊಡಬೇಕೆಂಬುದೇ ನನ್ನ ಅಭಿಪ್ರಾಯ. ಸುಮಾರು 40 ಟನ್ ತೂಗುವ ಬೋಗಿಗೆ ಅದರ ಪ್ರಯಾಣಿಕರ ತಟ್ಟೆ, ಲೋಟಗಳ ಭಾರ ಲೆಕ್ಕಕ್ಕೇ ಬಾರದು. ವಿಮಾನದಲ್ಲಿ ಸ್ಟೀಲಿಗೆ ವಿರುದ್ಧವಾಗಿ ನಿಲ್ಲುವ ವಾದ ಹಳಿಯ ಮೇಲೆ ನಿಲ್ಲುವುದಿಲ್ಲ. ಓಡುವ ರೈಲಿನಲ್ಲಿ ತೊಳೆಯಲು ನೀರು ಸಾಲದು ನಿಜ, ಆದರೆ ಊಟ ಬರುವುದೇ ಬೇಸ್ ಕಿಚನ್‌ನಿಂದ ಆಗಿರುವಾಗ ತಟ್ಟೆಗಳು ಅಲ್ಲಿಗೇ ಮರಳಿ, ಯಂತ್ರದಲ್ಲಿ ಬಿಸಿನೀರಿನಿಂದ ತೊಳೆದು ಬರಬಹುದು. ಬಳಸಿ ಎಸೆಯುವ ವಸ್ತುಗಳನ್ನು ದೂರವಿಡುವ ಕೇರಳದ ಹಸಿರು ನಿಯಮಾವಳಿ ಬಂದ ಮೇಲೆ ನಮ್ಮ ಊರಿನ ಸಮಾರಂಭಗಳಲ್ಲಿ ಸ್ಟೀಲ್ ಲೋಟ, ತಟ್ಟೆಗಳನ್ನು ಬಾಡಿಗೆಗೆ ತಂದು ತೊಳೆದು ಹಿಂತಿರುಗಿಸುವುದು ರೂಢಿಯಾಗಿದೆಯಷ್ಟೆ. ಅಲ್ಯುಮಿನಿಯಂ ಡಬ್ಬಿಯನ್ನು ಮರುಬಳಕೆಗೆ ಕರಗಿಸಲು ಹೊಸ ಲೋಹ ತಯಾರಿಸುವ ಶಕ್ತಿಯ ಸುಮಾರು ಶೇಕಡ 5 ಸಾಕಾದರೂ, ಅನ್ನ ಸಾರು ಮೆತ್ತಿಕೊಂಡು ಒಂದೇ ಚೀಲಕ್ಕೆ ಬಿದ್ದ ಡಬ್ಬಿಗಳು ಕರಗುವ ಕುಲುಮೆಯನ್ನು ತಲುಪುವುದು ಕಷ್ಟ. ಬಿಸಿಪೆಟ್ಟಿಗೆಗಳ ವಿಷಯದಲ್ಲಿ ರೈಲ್ವೆ ಒಳ್ಳೆಯ ಹೆಜ್ಜೆಯನ್ನೇ ಇಟ್ಟಿದೆ: ಮುಂಚೆ ಡೀಸೆಲ್ ಜನರೇಟರ್ ಬೋಗಿಯಿಂದ ಬರುತ್ತಿದ್ದ ವಿದ್ಯುತ್ತು ಈಗ ಬಹಳಷ್ಟು ರೈಲುಗಳಲ್ಲಿ ಎಂಜಿನ್ನಿನ ಮೂಲಕ ಮೇಲಿನ ತಂತಿಯಿಂದಲೇ ಬರುತ್ತದೆ. ಊಟ ಬೇಡದವರು ಟಿಕೆಟ್ ಕಾದಿರಿಸುವಾಗಲೇ ಬೇಡವೆಂದು ಗುರುತಿಸುವ ಅವಕಾಶವೂ ವಂದೇ ಭಾರತ್, ರಾಜಧಾನಿಗಳಲ್ಲಿದೆ. ಮನೆಯ ಬುತ್ತಿ ಕಟ್ಟಿಕೊಂಡು ಹೋಗುವವರು ದಯವಿಟ್ಟು ಅದನ್ನು ಬಳಸಬೇಕು.