ಚೆಕ್‌ಡ್ಯಾಂನಿಂದ ಅಂತರ್ಜಲ ಏರಿತೇ? ವಿದ್ಯಾರ್ಥಿಗಳು ಅಳೆಯುವ ಬಗೆ

ಮಾನ್ಯರೇ, ಚಳ್ಳಕೆರೆ ಭಾಗದ ಚೆಕ್‌ಡ್ಯಾಂ ಒಂದರಿಂದ ಅಂತರ್ಜಲ ಎಷ್ಟು ಹೆಚ್ಚಿತೆಂಬುದನ್ನು ಪದವಿ ವಿದ್ಯಾರ್ಥಿಗಳಿಂದ ಅಳೆಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಅಳೆಸಬಹುದು. ಆದರೆ ಕಟ್ಟೆಯ ಕೆಳಗಿನ ಕೊಳವೆಬಾವಿಗಳನ್ನಷ್ಟೇ ನೋಡಿದರೆ ಏರಿಕೆ ಮಳೆಯಿಂದಾದದ್ದೋ ಕಟ್ಟೆಯಿಂದಾದದ್ದೋ ತಿಳಿಯದಾದ್ದರಿಂದ, ಅದೇ ಬಗೆಯ ಮಣ್ಣು, ಕಲ್ಲು ಇದ್ದು ಕಟ್ಟೆಯ ಪ್ರಭಾವಕ್ಕೆ ಸಿಗದ ಕೆಲವು ಬಾವಿಗಳನ್ನೂ ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಹಾಗೂ ಮಳೆಗಾಲದ ನಂತರ ನವೆಂಬರ್‌ನಲ್ಲಿ ಅಳೆಯಬೇಕು.

ಅಳತೆಯ ಹೊತ್ತು ಬಹಳ ಮುಖ್ಯ. ಪಂಪ್ ಓಡಿಸುವ ತ್ರೀಫೇಸ್ ವಿದ್ಯುತ್ ಬರುವ ಮುನ್ನ, ಪಂಪ್ ನಿಂತು ಕೆಲವು ಗಂಟೆ ಕಳೆದ ಮೇಲೆ, ಕೇಸಿಂಗ್ ಪೈಪಿನ ಅಂಚಿನಿಂದ ನೀರಿನವರೆಗೆ ಅಳೆದು, ಪೈಪ್ ನೆಲದಿಂದ ಮೇಲಿರುವಷ್ಟನ್ನು ಕಳೆಯಬೇಕು. ಬಾವಿಯ ಇಳುವರಿಯ ಬಗ್ಗೆ ರೈತರು ಹೇಳುವ ‘ಎರಡಿಂಚು ನೀರು’ ಅನುಭವದ ಮಾತೇ ಹೌದು. ಆದರೂ ವರದಿಗೆ 200 ಲೀಟರಿನ ಡ್ರಂ ತುಂಬಲು ಹಿಡಿಯುವ ಸೆಕೆಂಡುಗಳನ್ನು ಬರೆದುಕೊಳ್ಳುವುದು ಲೇಸು.

ಎಷ್ಟೋ ವರದಿಗಳು ಎಡವುವುದು ಮುಂದಿನ ಲೆಕ್ಕದಲ್ಲಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಶಿಥಿಲ ಪದರವು ಬಿಟ್ಟುಕೊಡುವ ನೀರು ಸಾಮಾನ್ಯವಾಗಿ ಅದರ ಒಟ್ಟು ಗಾತ್ರದ ಶೇ. 1ರಿಂದ 4 ಮಾತ್ರ. ಶೇ. 2 ಎಂದು ಹಿಡಿದರೆ, ಮಟ್ಟ 1 ಮೀಟರ್ ಏರಿದಾಗ ಸೇರಿದ ನೀರು ಕೇವಲ 20 ಮಿ.ಮೀ., ಅಂದರೆ ಹೆಕ್ಟೇರಿಗೆ 2 ಲಕ್ಷ ಲೀಟರ್. ಅದರ ಕೆಳಗಿನ ಬಿರುಕುಗಲ್ಲಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ಬಾವಿಯ ಏರಿಕೆಯನ್ನೇ ನೀರಿನ ಪ್ರಮಾಣವೆಂದು ಬರೆಯಲು ವಿದ್ಯಾರ್ಥಿಗಳಿಗೆ ದಯವಿಟ್ಟು ಬಿಡಬೇಡಿ.