ನಾಲ್ಕನೆಯ ಟ್ರಿಕ್ ಬೇಡ, ಎದುರಾಳಿಯ ಕಾಲು ನೋಡು

ತಮ್ಮ, ನಿನ್ನ ಪ್ರಶ್ನೆಯನ್ನೂ ಅದರ ಕೆಳಗೆ ಬಂದಿರುವ ಉತ್ತರಗಳನ್ನೂ ಓದಿದೆ. ದ್ವಿತೀಯ ಪಿಯುಸಿ, ಬಲಗಾಲಿನ ಆಟಗಾರ, ಕಾಲೇಜು ಫುಟ್‌ಬಾಲ್ ತಂಡದಲ್ಲಿ ಬಲ ವಿಂಗ್, ಎಂದರೆ ಮೈದಾನದ ಬಲ ಅಂಚಿನಲ್ಲಿ ಮುನ್ನುಗ್ಗುವವನು. ಸ್ಟೆಪ್‌ಓವರ್ (ಚೆಂಡಿನ ಮೇಲೆ ಕಾಲು ಸುತ್ತಿಸುವುದು), ಎಲಾಸ್ಟಿಕೊ (ಒಂದೇ ಪಾದದಿಂದ ಚೆಂಡನ್ನು ಹೊರಕ್ಕೆ ತಳ್ಳಿ ತಕ್ಷಣ ಒಳಕ್ಕೆ ಸೆಳೆಯುವುದು), ರೂಲೆಟ್ (ಚೆಂಡಿನ ಮೇಲೆ ಪಾದವಿಟ್ಟು ಪೂರ್ತಿ ಒಂದು ಸುತ್ತು ತಿರುಗುವುದು) ಮೂರನ್ನೂ ವಿಡಿಯೊ ನೋಡಿ ಕಲಿತಿದ್ದೀಯ. ಕೋನ್‌ಗಳ ನಡುವೆ ಚೆಂಡು ಹೇಳಿದಂತೆ ಕೇಳುತ್ತದೆ, ಪಂದ್ಯದಲ್ಲಿ ಡಿಫೆಂಡರ್ ಎದುರಾದ ಕೂಡಲೇ ಕೈತಪ್ಪುತ್ತದೆ. ಆದ್ದರಿಂದ ಇನ್ನೊಂದು ಟ್ರಿಕ್ ಹೇಳಿಕೊಡಿ ಎಂದು ಕೇಳಿದ್ದೀಯ. ನನ್ನ ಸಲಹೆ ತಿರುವುಮುರುವು: ಇರುವ ಮೂರರಲ್ಲೇ ಎರಡನ್ನು ಸದ್ಯಕ್ಕೆ ಬದಿಗಿಡು. ಶಾಲಾ ಹುಡುಗರಿಗೆ ಸಂಜೆ ಹೊತ್ತು ಫುಟ್‌ಬಾಲ್ ಹೇಳಿಕೊಡುವವನು ನಾನು. ಟ್ರಿಕ್ ಗೊತ್ತಿಲ್ಲದೆ ಚೆಂಡು ಕಳೆದುಕೊಂಡವರಿಗಿಂತ, ಟ್ರಿಕ್ ಮಾಡಲು ಹೋಗಿ ಕಳೆದುಕೊಂಡವರನ್ನೇ ಹೆಚ್ಚು ನೋಡಿದ್ದೇನೆ.

ಕೋನ್‌ಗೆ ಕಾಲಿಲ್ಲ, ಮೈಭಾರವೂ ಇಲ್ಲ. ಡಿಫೆಂಡರ್‌ಗೆ ಎರಡೂ ಇವೆ, ಅವನನ್ನು ಸೋಲಿಸಲು ಸಾಧ್ಯವಾಗುವುದು ಅದರಿಂದಲೇ. ಆಟ ಬಲ್ಲ ಡಿಫೆಂಡರ್ ನಿನಗೆ ಎದೆ ಕೊಟ್ಟು ನೇರವಾಗಿ ನಿಲ್ಲುವುದಿಲ್ಲ. ಮೈಯನ್ನು ಓರೆ ಮಾಡಿ, ಒಂದು ಕಾಲನ್ನು ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು, ಮೊಣಕಾಲು ಬಗ್ಗಿಸಿ ಹಿಂದೆ ಹಿಂದೆ ಸರಿಯುತ್ತಾನೆ. ಬಲ ವಿಂಗ್‌ನಲ್ಲಿ ನಿನ್ನನ್ನು ಮೈದಾನದ ಪಕ್ಕದ ಗೆರೆಯ ಕಡೆಗೆ ದಬ್ಬುವುದು ಅವನ ಉದ್ದೇಶವಾದರೆ ಅವನ ಬಲಗಾಲು ಮುಂದಿರುತ್ತದೆ, ಎಡಗಾಲು ಹಿಂದಿರುತ್ತದೆ, ಮೈ ಗೆರೆಯ ಕಡೆಗೆ ಅರ್ಧ ತಿರುಗಿರುತ್ತದೆ. ಆಗ ನೀನು ಗೆರೆಗುಂಟ ಓಡಿದರೆ ಅವನೂ ಆ ಕಡೆಗೇ ಓಡಲು ಸಿದ್ಧನಾಗಿದ್ದಾನೆ. ಅದೇ ಚೆಂಡನ್ನು ಅವನ ಮುಂದಿನ ಕಾಲಿನ ಆಚೆಗೆ, ಎಂದರೆ ಮೈದಾನದ ಒಳಕ್ಕೆ ತಂದೆಯಾದರೆ ಅವನು ಸೊಂಟವನ್ನು ಪೂರ್ತಿ ತಿರುಗಿಸಬೇಕಾಗುತ್ತದೆ. ಅಷ್ಟರಲ್ಲಿ ನಿನಗೆ ಒಂದು ಹೆಜ್ಜೆ ಸಿಕ್ಕಿರುತ್ತದೆ. ಎಡಗಾಲು ಮುಂದಿದ್ದರೆ ಲೆಕ್ಕ ಉಲ್ಟಾ, ಗೆರೆಯ ಬದಿ ತೆರೆದಿದೆ ಎಂದು ತಿಳಿ. ಎರಡೂ ಕಾಲುಗಳನ್ನು ಸಮಸಮವಾಗಿ ಅಗಲಿಸಿ ನಿಂತ ಡಿಫೆಂಡರ್ ಸಿಕ್ಕರೆ ಕಾಲುಗಳ ನಡುವಿನ ದಾರಿಯೇ ಎಲ್ಲಕ್ಕಿಂತ ಹತ್ತಿರದ್ದು. ಒಟ್ಟಿನಲ್ಲಿ, ಮುಂದಿರುವ ಕಾಲು ಯಾವುದೋ ಆ ಕಾಲಿನ ಹೊರಬದಿಗೆ ಹೋಗು. ನೀನು ಕಲಿತ ಮೂರು ಟ್ರಿಕ್‌ಗಳಲ್ಲಿ ಒಂದೂ ಇದನ್ನು ನೋಡಿ ಆರಂಭವಾಗುವುದಿಲ್ಲ, ತೊಂದರೆ ಇರುವುದು ಅಲ್ಲೇ.

ಕಬಡ್ಡಿ ಆಡಿದ್ದರೆ ಇದು ನಿನಗೆ ಬೇಗ ಹೊಳೆಯುತ್ತದೆ. ರೈಡರ್ ಎದುರಾಳಿಯ ಮುಖ ನೋಡುತ್ತಾ ಕೂರುವುದಿಲ್ಲ. ಯಾರ ಭಾರ ಯಾವ ಕಾಲಿನ ಮೇಲೆ ಬಿದ್ದಿದೆ ಎಂದು ನೋಡಿಕೊಂಡು ನುಗ್ಗುತ್ತಾನೆ. ಭಾರ ಹೊತ್ತ ಕಾಲನ್ನು ತಕ್ಷಣ ಎತ್ತಲು ಯಾರಿಂದಲೂ ಆಗುವುದಿಲ್ಲ. ಭುಜ ಇಳಿಸುವುದು, ಕಣ್ಣು ಹೊರಳಿಸುವುದು, ಚೆಂಡಿನ ಮೇಲೆ ಕಾಲು ಸುತ್ತಿಸುವುದು, ಇವೆಲ್ಲ ಅವನ ಭಾರವನ್ನು ನಿನಗೆ ಬೇಡವಾದ ಕಡೆಗೆ ಕಳುಹಿಸುವ ಉಪಾಯಗಳು. ಭಾರ ಹೋಯಿತೋ ಇಲ್ಲವೋ ಎಂದು ನೋಡದೆ ಉಪಾಯವನ್ನಷ್ಟೇ ಮಾಡಿ ಮುಗಿಸಿದರೆ ಅವನು ನಿಂತಲ್ಲೇ ನಿಂತು ಕಾಲು ಚಾಚಿ ಚೆಂಡನ್ನು ತೆಗೆದುಕೊಳ್ಳುತ್ತಾನೆ. ನೀನು ಬರೆದಿರುವುದು ನೋಡಿದರೆ ನಡೆಯುತ್ತಿರುವುದು ಇದೇ.

ಹಾಗಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು? ಸ್ಟೆಪ್‌ಓವರ್ ಉಳಿಯಲಿ, ಆದರೆ ಮೊದಲು ಅದಕ್ಕಿಂತ ಸರಳವಾದದ್ದನ್ನು ಕಲಿ. ಚೆಂಡು ಬಲಗಾಲಿನ ಬಳಿ ಇರಲಿ. ಎಡಗಾಲನ್ನು ಎಡಕ್ಕೆ ಅಗಲವಾಗಿ ಊರಿ, ಎಡ ಭುಜ ಇಳಿಸಿ, ಮೊಣಕಾಲು ಬಗ್ಗಿಸಿ, ಒಳಕ್ಕೆ ನುಗ್ಗುವವನಂತೆ ತೋರು. ಡಿಫೆಂಡರ್ ಆ ಕಡೆಗೆ ವಾಲಿದ ಕ್ಷಣ ಎಡಗಾಲಿನಿಂದ ನೆಲವನ್ನು ಒದ್ದು, ಬಲಪಾದದ ಹೊರಬದಿಯಿಂದ, ಕಿರುಬೆರಳಿನ ಕಡೆಯಿಂದ, ಚೆಂಡನ್ನು ಓರೆಯಾಗಿ ಮುಂದಕ್ಕೆ ತಳ್ಳಿ ಓಡು. ಇಂಗ್ಲೆಂಡಿನ ಸ್ಟಾನ್ಲಿ ಮ್ಯಾಥ್ಯೂಸ್ ಇದೇ ಬಲ ವಿಂಗ್‌ನಲ್ಲಿ, ಹೆಚ್ಚುಕಡಿಮೆ ಇದೊಂದನ್ನೇ ನಂಬಿಕೊಂಡು ಬಾಳಿದವರು. 1956ರಲ್ಲಿ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಗಳಲ್ಲಿ ಮೊತ್ತಮೊದಲನೆಯದು ಅವರಿಗೆ ಸಿಕ್ಕಿತು. 1965ರಲ್ಲಿ 50 ವರ್ಷ ತುಂಬಿದ ಮೇಲೂ ಇಂಗ್ಲೆಂಡಿನ ಮೊದಲ ಡಿವಿಜನ್‌ನಲ್ಲಿ ಸ್ಟೋಕ್ ಕ್ಲಬ್ ಪರವಾಗಿ ಒಂದು ಪಂದ್ಯ ಆಡಿದರು. ಬ್ರೆಜಿಲಿನ ಗರಿಂಚಾ ಬಲಕ್ಕೇ ಹೋಗುತ್ತಾರೆ ಎಂಬುದು ಎದುರಾಳಿಗಳಿಗೆ ಗೊತ್ತಿತ್ತು. ನೆದರ್ಲೆಂಡ್ಸ್‌ನ ಅರ್ಜೆನ್ ರಾಬೆನ್ ಬಲಗಡೆಯಿಂದ ಒಳಕ್ಕೆ ಬಂದು ಎಡಗಾಲಿನಲ್ಲಿ ಹೊಡೆಯುತ್ತಾರೆ ಎಂಬುದು ಟಿ.ವಿ. ಮುಂದೆ ಕುಳಿತವರಿಗೂ ಗೊತ್ತಿತ್ತು. ಯಾವ ಕಡೆ ಎಂಬುದು ಗೊತ್ತಿದ್ದರೂ ಯಾವಾಗ ಎಂಬುದು ಗೊತ್ತಾಗುತ್ತಿರಲಿಲ್ಲ. ಹೊಸ ಟ್ರಿಕ್ ಹುಡುಕುತ್ತಾ ಮೊಬೈಲ್ ಉಜ್ಜುವ ಮುನ್ನ ಈ ಮೂವರ ಆಟವನ್ನು ನಿಧಾನಗತಿಯಲ್ಲಿ ನೋಡು. ಆದರೆ ನೋಡಬೇಕಾದದ್ದು ಅವರ ಕಾಲನ್ನಲ್ಲ, ಎದುರಿಗಿದ್ದವನ ಕಾಲನ್ನು.

ಒಂದು ಚಲನೆಗೆ ಒಂದು ಜೋಡಿ ಬೇಕು. ಎಡ ಭುಜ ಇಳಿಸಿದಾಗ ಡಿಫೆಂಡರ್ ಮೋಸಹೋಗದೆ ಗೆರೆಯ ಬದಿಯನ್ನೇ ಕಾಯುತ್ತಿದ್ದರೆ, ಅದೇ ಹೆಜ್ಜೆಯಿಂದ ಬಲಪಾದದ ಒಳಬದಿಯಲ್ಲಿ ಚೆಂಡನ್ನು ಎಡಕ್ಕೆ ಎಳೆದು ನಿಜವಾಗಿಯೂ ಒಳಕ್ಕೆ ಹೋಗು. ಆರಂಭ ಒಂದೇ, ಕೊನೆ ಎರಡು. ಮೊದಲ ಇಪ್ಪತ್ತು ನಿಮಿಷದಲ್ಲಿ ಎರಡು ಸಲ ಗೆರೆಯ ಕಡೆಗೆ ಹೋಗಿ ತೋರಿಸಿದರೆ ಮೂರನೆಯ ಸಲ ಒಳದಾರಿ ತಾನೇ ತೆರೆಯುತ್ತದೆ. ನಿನ್ನ ಸ್ಟೆಪ್‌ಓವರ್ ಕೂಡ ಇದರದೇ ಇನ್ನೊಂದು ರೂಪ. ಬಹಳ ಹುಡುಗರು ಬೆನ್ನನ್ನು ನೆಟ್ಟಗೆ ಇಟ್ಟುಕೊಂಡು ಕಾಲನ್ನು ಮಾತ್ರ ಚೆಂಡಿನ ಸುತ್ತ ತಿರುಗಿಸುತ್ತಾರೆ. ಭುಜ ಹೋಗದಿದ್ದರೆ ಯಾರೂ ನಂಬುವುದಿಲ್ಲ.

ದೂರದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನನ್ನ ಹುಡುಗರು ಅತಿ ಹೆಚ್ಚು ಎಡವುವುದು ಇಲ್ಲಿ. ನಾಲ್ಕೈದು ಮೀಟರ್ ದೂರದಲ್ಲಿ ಭುಜ ಇಳಿಸಿದರೆ ಡಿಫೆಂಡರ್‌ಗೆ ಅದರಿಂದ ಏನೂ ಆಗುವುದಿಲ್ಲ, ಮತ್ತೆ ಸರಿಯಾಗಿ ನಿಲ್ಲಲು ಸಮಯವಿರುತ್ತದೆ. ತೀರಾ ಹತ್ತಿರ ಹೋದರೆ ಅವನ ಕಾಲು ಚೆಂಡಿಗೆ ನಿಲುಕುತ್ತದೆ. ಒಬ್ಬ ಗೆಳೆಯನನ್ನು ನಿಲ್ಲಿಸಿ, ಒಂದು ಕಾಲನ್ನು ಪೂರ್ತಿ ಮುಂದಕ್ಕೆ ಚಾಚಲು ಹೇಳು. ಆ ಪಾದ ಮುಟ್ಟಿದಲ್ಲಿ ಮಣ್ಣಿನ ಮೇಲೆ ಗೆರೆ ಎಳೆ. ಆ ಗೆರೆಯಿಂದ ಒಂದು ಹೆಜ್ಜೆ ಹೊರಗೆ ನಿನ್ನ ಚಲನೆ ನಡೆಯಬೇಕು. ನೀನು ವೇಗವಾಗಿ ಬರುತ್ತಿದ್ದರೆ ಇನ್ನೊಂದು ಹೆಜ್ಜೆ ಮೊದಲೇ. ಇದನ್ನು ಕಣ್ಣಳತೆಗೆ ತಂದುಕೊಳ್ಳುವವರೆಗೆ ಪಂದ್ಯದಲ್ಲಿ ಪ್ರಯೋಗ ಬೇಡ.

ಹತ್ತಿರ ಬರುವಾಗ ಪೂರ್ಣ ವೇಗ ಬೇಡ. ನಿನ್ನ ಓಟದ ಮುಕ್ಕಾಲು ಸಾಕು, ಪ್ರತಿ ಹೆಜ್ಜೆಗೂ ಚೆಂಡಿಗೆ ಒಂದು ಸಣ್ಣ ಸ್ಪರ್ಶ. ಮೆಸ್ಸಿಯ ಆಟದಲ್ಲಿ ಚೆಂಡು ಕಾಲಿಗೆ ಅಂಟಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಈ ಸಣ್ಣ ಸಣ್ಣ ಸ್ಪರ್ಶಗಳು. ಚೆಂಡು ಯಾವಾಗಲೂ ಒಂದು ಹೆಜ್ಜೆಯೊಳಗೆ ಇರುವುದರಿಂದ ಯಾವ ಕ್ಷಣದಲ್ಲಾದರೂ ದಿಕ್ಕು ಬದಲಾಯಿಸಬಹುದು. ಡಿಫೆಂಡರ್‌ನ ಪಕ್ಕಕ್ಕೆ ಹೋಗಬೇಡ, ನೇರವಾಗಿ ಅವನತ್ತಲೇ ಹೋಗು. ನೀನು ಮೊದಲೇ ಒಂದು ಬದಿಗೆ ಸರಿದರೆ ಅವನಿಗೆ ಕಾಯಲು ಒಂದೇ ದಾರಿ ಉಳಿಯುತ್ತದೆ. ದೃಷ್ಟಿ ಅವನ ಸೊಂಟ ಮತ್ತು ಮೊಣಕಾಲಿನ ಮೇಲಿರಲಿ. ಚೆಂಡು ನೋಟದ ಕೆಳಗಿನ ಅಂಚಿನಲ್ಲಿ ಕಂಡರೆ ಸಾಕು. ಅವನು ಹಿಂದೆ ಸರಿಯುವುದನ್ನು ನಿಲ್ಲಿಸಿ ಪಾದ ಊರಿದ ಆ ಗಳಿಗೆಗೆ ಕಾಯಬೇಕು. ನೀನು ತುಸು ನಿಧಾನಿಸಿದರೆ ಅವನೂ ನಿಧಾನಿಸುತ್ತಾನೆ, ನಿಂತವನನ್ನು ದಾಟುವುದು ಓಡುತ್ತಿರುವವನನ್ನು ದಾಟುವುದಕ್ಕಿಂತ ಸುಲಭ.

ದಾಟಿದ ಮೇಲಿನ ಎರಡು ಸ್ಪರ್ಶಗಳನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಸುಂದರವಾಗಿ ದಾಟುತ್ತೀಯ, ಚೆಂಡು ನಿನ್ನ ಕಾಲಡಿಯಲ್ಲೇ ಉಳಿಯುತ್ತದೆ, ಅವನು ತಿರುಗಿ ಹಿಂದಿನಿಂದ ಬಂದು ಒದೆಯುತ್ತಾನೆ. ಮೊದಲ ಸ್ಪರ್ಶ ದೊಡ್ಡದಿರಲಿ, ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ, ಮತ್ತು ಅಲ್ಲಿಂದ ಪೂರ್ಣ ವೇಗ. ಎರಡನೆಯ ಸ್ಪರ್ಶದಲ್ಲಿ ಅವನ ಓಟದ ದಾರಿಗೆ ಅಡ್ಡ ಬಂದುಬಿಡು. ಈಗ ಅವನಿಗೂ ಚೆಂಡಿಗೂ ನಡುವೆ ನಿನ್ನ ಬೆನ್ನಿದೆ. ಅವನು ನಿನ್ನನ್ನು ಕೆಡವದೆ ಚೆಂಡನ್ನು ಮುಟ್ಟಲಾರ, ಕೆಡವಿದರೆ ಫ್ರೀ ಕಿಕ್, ಪೆನಾಲ್ಟಿ ಪೆಟ್ಟಿಗೆಯೊಳಗಾದರೆ ಪೆನಾಲ್ಟಿ. ಮರಡೋನಾ 1986ರ ಜೂನ್ 22ರಂದು ಇಂಗ್ಲೆಂಡಿನ ಮೇಲೆ ಹೊಡೆದ ಎರಡನೆಯ ಗೋಲನ್ನು ಮತ್ತೆ ನೋಡು. ತಮ್ಮ ಅರ್ಧದಿಂದ ಆರಂಭಿಸಿ ಗೋಲ್‌ಕೀಪರ್ ಶಿಲ್ಟನ್‌ರವರೆಗೆ ಎಲ್ಲರನ್ನೂ ದಾಟಿದ ಆ ಓಟದಲ್ಲಿ ಸ್ಟೆಪ್‌ಓವರ್ ಇಲ್ಲ, ಎಲಾಸ್ಟಿಕೊ ಇಲ್ಲ. ಅಲ್ಲಿರುವುದು ಎಡಗಾಲು, ದಿಕ್ಕಿನ ಬದಲಾವಣೆ, ದಾಟಿದ ಕೂಡಲೇ ಓಟ.

ನಿನ್ನ ಉಳಿದ ಎರಡರ ಬಗ್ಗೆ ಚುಟುಕಾಗಿ. ಎಲಾಸ್ಟಿಕೊವನ್ನು ಬ್ರೆಜಿಲಿನ ರಿವೆಲಿನೊ ಅಲ್ಲಿನ ಕೊರಿಂಥಿಯನ್ಸ್ ಕ್ಲಬ್‌ನಲ್ಲಿ ಸರ್ಜಿಯೊ ಎಚಿಗೊ ಎಂಬ ಜೊತೆ ಆಟಗಾರನಿಂದ ಕಲಿತರು. ಚೆಂದದ ವಿದ್ಯೆ, ಆದರೆ ಚೆಂಡು ಪಾದಕ್ಕೆ ಅಂಟಿಕೊಂಡೇ ಉರುಳಬೇಕು. ನೀನು ಹೇಳಿದಂತಹ ಗಟ್ಟಿ ಕೆಮ್ಮಣ್ಣಿನ ನೆಲದಲ್ಲಿ ಒಂದು ಕಲ್ಲುಹರಳು ಸಿಕ್ಕರೂ ಅದು ಎಗರುತ್ತದೆ. ರೂಲೆಟ್, ಡಿಫೆಂಡರ್ ಮೈಮೇಲೆ ನುಗ್ಗಿ ಬರುವಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ನಿಂತವನ ಮುಂದೆ ತಿರುಗಿದರೆ ನಿನ್ನ ಬೆನ್ನು ಅವನಿಗೆ ಉಡುಗೊರೆ. ಇವೆರಡರ ಬದಲಿಗೆ ಒಂದು ಬೇಕೇಬೇಕು ಎಂದಾದರೆ ನೆದರ್ಲೆಂಡ್ಸ್‌ನ ಯೋಹಾನ್ ಕ್ರೈಫ್ ಹೆಸರಿನ ತಿರುವನ್ನು ಕಲಿ. ಕ್ರಾಸ್ ಹೊಡೆಯುವಂತೆ, ಎಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಕಳುಹಿಸುವಂತೆ ಕಾಲೆತ್ತಿ, ಚೆಂಡನ್ನು ಪಾದದ ಒಳಬದಿಯಿಂದ ನಿಂತ ಕಾಲಿನ ಹಿಂದಕ್ಕೆ ಎಳೆದು ತಿರುಗುವುದು. ವಿಂಗರ್‌ಗೆ ಇದು ಹೇಳಿ ಮಾಡಿಸಿದ್ದು. 1974ರ ವಿಶ್ವಕಪ್‌ನಲ್ಲಿ ಸ್ವೀಡನ್ನಿನ ಯಾನ್ ಓಲ್ಸನ್ ಇದಕ್ಕೆ ಸಿಕ್ಕಿಬಿದ್ದದ್ದು ಜಗತ್ತಿಗೆಲ್ಲ ಗೊತ್ತು. ಆ ಪಂದ್ಯ 0-0 ಆಗಿ ಮುಗಿಯಿತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅಭ್ಯಾಸಕ್ಕೆ ಮನುಷ್ಯ ಬೇಕು. ಆರು ಹೆಜ್ಜೆ ಅಗಲ, ಹದಿನೈದು ಹೆಜ್ಜೆ ಉದ್ದದ ಓಣಿ ಗುರುತಿಸಿ. ಮೊದಮೊದಲು ಗೆಳೆಯ ಕಾಲು ಚಾಚಬಾರದು, ಓರೆಯಾಗಿ ನಿಂತು ಸರಿಯಬೇಕಷ್ಟೇ. ಪ್ರತಿ ಸಲ ಯಾವ ಕಾಲು ಮುಂದಿಡುತ್ತೇನೆ ಎಂದು ಅವನು ಹೇಳಬಾರದು, ನೀನು ನೋಡಿ ಬದಿ ಆರಿಸಬೇಕು. ಅದು ತಪ್ಪಿಲ್ಲದೆ ಬರತೊಡಗಿದಾಗ ಮುಂದಿನ ಕಾಲಿನಿಂದ ಚೆಂಡು ಕಸಿಯಲು ಬಿಡು, ಆಮೇಲೆ ಪೂರ್ತಿ ಪೈಪೋಟಿ. ಓಣಿಯ ಆಚೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ ನಿನಗೆ ಅಂಕ, ಕಸಿದರೆ ಅವನಿಗೆ. ಒಂದು ಸುತ್ತು ಹತ್ತು ಸೆಕೆಂಡು ಮೀರಬಾರದು, ನಡುವೆ ಮುಕ್ಕಾಲು ನಿಮಿಷ ಉಸಿರು ತೆಗೆದುಕೊಳ್ಳಿ. ಏದುಸಿರು ಬಿಡುತ್ತಾ ಮಾಡಿದ ಅಭ್ಯಾಸದಿಂದ ಕಾಲು ನಿಧಾನವಾಗಿ ಓಡುವುದನ್ನೇ ಕಲಿಯುತ್ತದೆ. ಸ್ಥಾನ ಬದಲಿಸಿ ನೀನೂ ಡಿಫೆಂಡರ್ ಆಗು. ಎದುರಾಳಿ ಏನು ಮಾಡಿದಾಗ ನಿನ್ನ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಕೋನ್ ಬೇಡವೇ ಬೇಡ ಎನ್ನುವುದಿಲ್ಲ, ಮೈ ಬೆಚ್ಚಗಾಗಲು ಐದು ನಿಮಿಷ, ಅದೂ ಎಡಗಾಲಿಗೆ.

ಚೆಂಡಿನ ಗಾಳಿ ನೋಡಿಕೊಳ್ಳಿ. 5ನೇ ಅಳತೆಯ ಚೆಂಡಿನ ಒತ್ತಡ ನಿಯಮದ ಪ್ರಕಾರ 0.6ರಿಂದ 1.1 ಬಾರ್ ಇರಬಹುದು. ಗಟ್ಟಿ ನೆಲದಲ್ಲಿ ಕೆಳಗಿನ ಅಂಕಿಯ ಹತ್ತಿರ, ಪಂಪಿನ ಮಾಪಕದಲ್ಲಿ ಸುಮಾರು 9 ಪಿಎಸ್‌ಐ ಇಟ್ಟರೆ ಪುಟಿತ ಕಡಿಮೆಯಾಗಿ ಚೆಂಡು ಮಾತು ಕೇಳುತ್ತದೆ. ಉದ್ದ ಸ್ಟಡ್‌ನ ಶೂ ಅಂಥ ನೆಲಕ್ಕೆ ಬೇಡ, ಹಠಾತ್ತನೆ ತಿರುಗುವಾಗ ಮೊಣಕಾಲಿಗೆ ಪೆಟ್ಟು. ಸಣ್ಣ ರಬ್ಬರ್ ಮೊನೆಗಳಿರುವ ಟರ್ಫ್ ಶೂ ಸಾಕು.

ಮೇಲೆ ಒಬ್ಬರು "ಡ್ರಿಬ್ಲಿಂಗ್ ನಮ್ಮವರ ರಕ್ತದಲ್ಲೇ ಇಲ್ಲ" ಎಂದು ಬರೆದಿದ್ದಾರೆ. ಬೆಂಗಳೂರಿನ ಅಹ್ಮದ್ ಖಾನ್ ಹೆಸರು ಅವರು ಕೇಳಿಲ್ಲ ಎಂದು ಕಾಣುತ್ತದೆ. ಚೆಂಡನ್ನು ಕಾಲಲ್ಲೇ ನಡೆಸುತ್ತಾ ಎದುರಾಳಿಗಳನ್ನು ದಾಟುವ ಈ ಡ್ರಿಬ್ಲಿಂಗ್‌ಗೇ ಹೆಸರಾದವರು, 1948 ಮತ್ತು 1952ರ ಒಲಿಂಪಿಕ್ಸ್ ಆಡಿದವರು, 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು. ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರೆಂದು ಕರೆಸಿಕೊಂಡ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರು. ಆ ಕಾಲದ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡುತ್ತಿದ್ದರು. ರಕ್ತದ ಮಾತು ಬಿಡೋಣ.

ಇನ್ನು ನಿನ್ನ ಕೋಚ್ "ಪಾಸ್ ಕೊಡು" ಎಂದು ಕೂಗುವ ವಿಚಾರ. ಮೈದಾನದ ನಿಮ್ಮ ಅರ್ಧದಲ್ಲಿ ಅವರು ಹೇಳಿದ್ದೇ ಸರಿ, ಅಲ್ಲಿ ಚೆಂಡು ಹೋದರೆ ಗೋಲು ಬೀಳುತ್ತದೆ. ಎದುರಾಳಿಯ ಅರ್ಧದ ಕೊನೆಯ ಭಾಗದಲ್ಲಿ, ಡಿಫೆಂಡರ್ ಒಬ್ಬನೇ ಇದ್ದು ಅವನ ಹಿಂದೆ ಇನ್ನೊಬ್ಬ ಕಾವಲಿಲ್ಲದಿದ್ದಾಗ ಮಾತ್ರ ನುಗ್ಗು. ಏಳು ಜನರ ಪಂದ್ಯಾವಳಿಗಳಲ್ಲಿ ಮೈದಾನ ಚಿಕ್ಕದು, ಬೆನ್ನ ಹಿಂದೆ ಓಡಲು ಜಾಗ ಕಡಿಮೆ. ಅಲ್ಲಿ ಗೆರೆಗುಂಟ ಓಡುವುದಕ್ಕಿಂತ ಒಳಕ್ಕೆ ಕತ್ತರಿಸಿ ಹೊಡೆಯುವುದು ಲಾಭ. ದೊಡ್ಡ ಲೀಗ್‌ಗಳ ಒಳ್ಳೆಯ ವಿಂಗರ್‌ಗಳು ಕೂಡ ಡಿಫೆಂಡರ್‌ನನ್ನು ದಾಟಲು ಹೋದಾಗ ಸುಮಾರು ಅರ್ಧದಷ್ಟು ಸಲ ಚೆಂಡು ಕಳೆದುಕೊಳ್ಳುತ್ತಾರೆ ಎಂಬುದನ್ನು ಕೋಚ್‌ಗೂ ಮೆಲ್ಲಗೆ ತಿಳಿಸು. ಕಳೆದುಕೊಂಡ ಕೂಡಲೇ ತಲೆ ಮೇಲೆ ಕೈ ಹೊತ್ತು ನಿಲ್ಲದೆ ಹಿಂದಕ್ಕೆ ಓಡಿದರೆ ಅವರ ಕೂಗು ತಾನಾಗಿ ಅರ್ಧ ಇಳಿಯುತ್ತದೆ.

ಮುಂದಿನ ಪಂದ್ಯದ ವಿಡಿಯೊ ಹಾಕುವುದಾದರೆ ಪಕ್ಕದ ಗೆರೆಯಿಂದ ತೆಗೆಸಬೇಡ. ನಿನ್ನ ಬೆನ್ನ ಹಿಂದಿನಿಂದ, ಸ್ವಲ್ಪ ಎತ್ತರದಲ್ಲಿ ನಿಂತು ತೆಗೆಯಲು ಯಾರಿಗಾದರೂ ಹೇಳು. ಡಿಫೆಂಡರ್‌ನ ಎರಡೂ ಪಾದಗಳು ಕಾಣುವಂತಿದ್ದರೆ ಎಲ್ಲಿ ತಪ್ಪುತ್ತಿದೆ ಎಂದು ನೋಡಿ ಹೇಳುತ್ತೇನೆ.