ಹಳೆಯ ಯುದ್ಧವಿಮಾನ, ಹಕ್ಕಿ, ರಟ್ಟಿನ ಮಾದರಿ: ಮೂರಕ್ಕೂ ಆಗುವ ಜೂಮ್ ಲೆನ್ಸ್ ಯಾವುದು?

ಹಳೆಯ ಯುದ್ಧವಿಮಾನ, ಹಕ್ಕಿ, ರಟ್ಟಿನ ವಿಮಾನ ಮಾದರಿ ಮೂರರ ಚಿತ್ರಕ್ಕೂ ಒಂದೇ ಜೂಮ್ ಲೆನ್ಸ್ ಯಾವುದು ಎಂದು ಕೇಳಿದ್ದೀರಿ. ಅರವತ್ತು ಸಾವಿರ ರೂಪಾಯಿ ಕೂಡಿಸಿದ್ದೀರಿ, ಈ ಮಳೆಗಾಲಕ್ಕೆ ಮೊದಲೇ ಲೆನ್ಸ್ ಕೊಳ್ಳಬೇಕು ಎನ್ನುತ್ತೀರಿ. 2014ರಲ್ಲಿ ಗೋವಾದ ವಾಸ್ಕೋದ ಬಾಡಿಗೆ ಮನೆಯಲ್ಲಿ ಕುಳಿತು ನಾನೂ ಇದೇ ಲೆಕ್ಕ ಹಾಕಿದ್ದೆ. ಎರಡು ವರ್ಷದ ಓವರ್‌ಟೈಮ್ ದುಡ್ಡಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ 70–300 ಮಿ.ಮೀ. ಜೂಮ್ ಲೆನ್ಸ್ ಕೊಂಡೆ. ಆ ಚಳಿಗಾಲವೆಲ್ಲ ಕರ್ಮಲಿ ಕೆರೆಯ ಶಿಳ್ಳೆ ಬಾತುಗಳ ಹಿಂದೆ ಅಲೆದೆ.

ಜೂನ್ ಬಂತು. ಲೆನ್ಸನ್ನು ಅದರ ಚರ್ಮದ ಚೀಲದಲ್ಲೇ ಇಟ್ಟು, ಬಟ್ಟೆಗಳ ನಡುವೆ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿದೆ. ನಾಲ್ಕು ತಿಂಗಳು ತೆಗೆದು ನೋಡಲಿಲ್ಲ. ನವೆಂಬರಿನಲ್ಲಿ ಬೊಗ್ಮಾಲೊದ ನೌಕಾ ವಿಮಾನ ಸಂಗ್ರಹಾಲಯಕ್ಕೆ ಹೋಗಿ ಸೀ ಹಾಕ್ ಯುದ್ಧವಿಮಾನದ ಮೂತಿಯ ಚಿತ್ರ ತೆಗೆದರೆ, ಅದರ ಮೇಲೆ ತೆಳುವಾದ ಹಾಲಿನ ಕೆನೆ ಹರಡಿದಂತಿತ್ತು. ಕಡಲ ಮಬ್ಬು ಎಂದುಕೊಂಡೆ. ಮುಂದಿನ ಗಾಜನ್ನು ಒರೆಸಿದೆ, ಕ್ಯಾಮೆರಾದ ಸೆಟ್ಟಿಂಗ್ ಬದಲಿಸಿದೆ, ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿದೆ. ಹೀಗೆಯೇ ಮತ್ತೆ ನಾಲ್ಕು ತಿಂಗಳು ಕಳೆಯಿತು. ಮಾರ್ಚಿನಲ್ಲಿ ಒಂದು ರಾತ್ರಿ ಲೆನ್ಸಿನ ಹಿಂದೆ ಟಾರ್ಚ್ ಹಿಡಿದಾಗ, ಒಳಗಿನ ಗಾಜುಗಳ ಮೇಲೆ ಜೇಡರ ಬಲೆಯಂತೆ ಬಿಳಿ ಎಳೆಗಳು ಕಂಡವು. ಬೂಷ್ಟು.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ನಷ್ಟವೆಲ್ಲ ಇಲ್ಲೇ ಇದೆ. ಬೂಷ್ಟು ಬೆಳೆಯಲು ಲೆನ್ಸಿನೊಳಗೆ ನೀರು ಹೋಗಬೇಕಿಲ್ಲ. ತೇವದ ಗಾಳಿ, ಕತ್ತಲೆ, ಅಲುಗಾಡದೆ ಇರುವುದು, ಇಷ್ಟೇ ಸಾಕು. ಚರ್ಮದ ಚೀಲ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟು ಒಳಗಿನ ಧೂಳನ್ನು ತಿಂದು ಬೆಳೆಯುತ್ತದೆ, ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ಕೊರೆಯುತ್ತದೆ. ಹುಬ್ಬಳ್ಳಿಯಲ್ಲಿ ರಿಪೇರಿಯವರು ಬಿಚ್ಚಿ ಒರೆಸಿದಾಗ ಎಳೆಗಳು ಹೋದವು, ಕೊರೆದ ಗುರುತು ಉಳಿಯಿತು. ‘ನವೆಂಬರಿನಲ್ಲೇ ತಂದಿದ್ದರೆ ಉಳಿಯುತ್ತಿತ್ತು’ ಎಂದರು. ಅದೇ ಮಳೆಗಾಲದಲ್ಲಿ ಅವ್ವ, ಬಿಸಿಲು ಇಣುಕಿದಾಗಲೆಲ್ಲ ಹಪ್ಪಳದ ಡಬ್ಬಿಯನ್ನು ಅಂಗಳಕ್ಕೆ ತರುತ್ತಿದ್ದಳು. ಲೆನ್ಸಿಗೂ ಅದೇ ಆರೈಕೆ ಬೇಕೆಂದು ನನಗೆ ಹೊಳೆಯಲಿಲ್ಲ.

ಆದ್ದರಿಂದ ನನ್ನ ಮಾತು: ಮೂರಕ್ಕೂ ಒಂದೇ ಲೆನ್ಸ್ ಎಂಬ ಯೋಚನೆಯನ್ನೇ ಬಿಡಿ. ಸಂಗ್ರಹಾಲಯದ ವಿಮಾನಗಳು ಹಾರುವುದಿಲ್ಲ. ನಾಲ್ಕು ಎಂಜಿನ್, ಮೂರು ಬಾಲದ ರೆಕ್ಕೆಗಳ ಸೂಪರ್ ಕಾನ್‌ಸ್ಟಲೇಶನ್ ಪೂರ್ತಿ ಚೌಕಟ್ಟಿನೊಳಗೆ ಬರಬೇಕಾದರೆ ನಿಮಗೆ ಬೇಕಾದದ್ದು ಅಗಲ ನೋಟದ 18 ಮಿ.ಮೀ. ಲೆನ್ಸ್, 300 ಅಲ್ಲ. ಸೀ ಹಾಕ್‌ಗೆ ಒಂದೇ ಎಂಜಿನ್, ಆದರೆ ಹೊಗೆ ಹೊರಬರುವ ಕೊಳವೆ ಎರಡಾಗಿ ಸೀಳಿ ರೆಕ್ಕೆಗಳ ಬುಡದಲ್ಲಿ ತೆರೆದುಕೊಳ್ಳುತ್ತದೆ. 1971ರಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್‌ನಿಂದ ಹಾರಿದ ಈ ಜಾತಿಯ ವಿಮಾನದ ಆ ಕೊಳವೆಬಾಯಿಯ ಚಿತ್ರವನ್ನು ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ತೆಗೆಯಿರಿ. ಸಂಗ್ರಹಾಲಯದ ಬಾಗಿಲು ತೆರೆದ ಕೂಡಲೇ ಹೋಗಿ. ಮಧ್ಯಾಹ್ನ ರೆಕ್ಕೆಯ ನೆರಳು ಹೊಟ್ಟೆಯನ್ನು ಕಪ್ಪಾಗಿಸುತ್ತದೆ. ಜೂಮ್ ಇದೆಯೆಂದು ದಾಬೋಳಿ ವಿಮಾನ ನಿಲ್ದಾಣದ ಬೇಲಿಯಾಚೆ ಗುರಿ ಹಿಡಿಯುವ ಆಸೆ ಬೇಡವೇ ಬೇಡ, ಅದು ನೌಕಾಪಡೆಯ ನೆಲೆ.

ರಟ್ಟಿನ ವಿಮಾನ ಮಾದರಿಗಳಿಗೆ ನಿಮ್ಮ ಮೊಬೈಲೇ ಮೇಲು. ಅದರ ಪುಟ್ಟ ಸೆನ್ಸರಿನಲ್ಲಿ ಮೂತಿಯಿಂದ ಬಾಲದವರೆಗೆ ಸ್ಪಷ್ಟವಾಗಿ ಮೂಡುತ್ತದೆ. ದೊಡ್ಡ ಕ್ಯಾಮೆರಾ ಬಾಲವನ್ನು ಮಸುಕಾಗಿಸಿದ ಕ್ಷಣವೇ ವಿಮಾನ ಆಟಿಕೆಯಾಗುತ್ತದೆ. 1:72 ಅಳತೆಯಲ್ಲಿ, ಅಂದರೆ ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಮಾದರಿಯಲ್ಲಿ, ನಿಂತ ಮನುಷ್ಯನ ಕಣ್ಣು ನೆಲದಿಂದ ಎರಡು ಸೆಂ.ಮೀ. ಮೇಲಿರುತ್ತದೆ. ಮೊಬೈಲನ್ನು ತಲೆಕೆಳಗೆ ಹಿಡಿದರೆ ಅದರ ಲೆನ್ಸ್ ಆ ಎತ್ತರಕ್ಕೆ ಇಳಿಯುತ್ತದೆ. ಮೂವತ್ತು ಸೆಂ.ಮೀ. ದೂರದಿಂದ ತೆಗೆದರೆ ಸುಮಾರು ಇಪ್ಪತ್ತೆರಡು ಮೀಟರ್ ಆಚೆ ನಿಂತು ನಿಜವಾದ ವಿಮಾನವನ್ನು ನೋಡಿದಂತೆ. ಹಿಂದೆ ತಾರಸಿಯ ಆಕಾಶವಿರಲಿ.

ಹಕ್ಕಿಗಳಿಗೆ ಮಾತ್ರ ಉದ್ದ ಲೆನ್ಸ್ ಬೇಕು, ಒಪ್ಪುತ್ತೇನೆ. ಅದನ್ನು ಮಳೆ ಮುಗಿದ ಮೇಲೆ ಕೊಳ್ಳಿ. ಅದಕ್ಕೆ ಮೊದಲು ಗಾಳಿಯಾಡದ ಅಡುಗೆಮನೆ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರ್ ತನ್ನಿ. ಮೀಟರಿನ ಮುಳ್ಳು ಶೇಕಡಾ ನಲವತ್ತು–ಐವತ್ತರ ನಡುವೆ ಇರಲಿ. ಮತ್ತು ಈಗ ಕೈಯಲ್ಲಿರುವ ಲೆನ್ಸಿನ ಹಿಂದೆ ಇವತ್ತು ರಾತ್ರಿಯೇ ಟಾರ್ಚ್ ಹಿಡಿದು ನೋಡಿ. ಒಂದೇ ಒಂದು ಎಳೆ ಕಂಡರೂ ನಾಳೆಯೇ ರಿಪೇರಿಗೆ ಕೊಡಿ.